ಲಕ್ಕಿ ಸೊಪ್ಪಿನ ಸಾರ ಕುಡಿದ ಇಲಿ ಬಿಸಿ ತಟ್ಟೆಯ ಮೇಲೆ ಸುಮ್ಮನೆ ನಿಲ್ಲುತ್ತದೆ: ನೋವು ತಗ್ಗಿದೆಯೇ, ಮಂಪರು ಹಿಡಿದಿದೆಯೇ?

ಲಕ್ಕಿಗಿಡ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಎಂ.ಫಾರ್ಮ್ ಎರಡನೇ ವರ್ಷದ ವಿದ್ಯಾರ್ಥಿನಿ, ವಿಷಯ ಔಷಧಶಾಸ್ತ್ರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಕೇಳಿದಾಗಲೆಲ್ಲ “ಫಲಿತಾಂಶ ಚೆನ್ನಾಗಿಯೇ ಬಂದಿದೆಯಲ್ಲ, ಇನ್ನೇನು ಬೇಕು?” ಎಂಬ ಮಾತೇ ಮರಳಿ ಬಂದಿದೆ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಗದ್ದೆಯ ಬೇಲಿಯುದ್ದಕ್ಕೂ ಲಕ್ಕಿ ಗಿಡ. ನಮ್ಮಲ್ಲಿ ಬಾಣಂತಿಗೆ ನೀರು ಹಾಕುವಾಗ ಹಂಡೆಗೆ ಲಕ್ಕಿ ಸೊಪ್ಪು ಬೀಳದ ದಿನವನ್ನು ನಾನು ಕಂಡಿಲ್ಲ. ಅಜ್ಜಿಯ ಮಂಡಿ ಊದಿಕೊಂಡಾಗ ಎಲೆಗೆ ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟುತ್ತಿದ್ದವಳು ನಾನೇ. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಅಜ್ಜಿ ಗೋಡೆ ಹಿಡಿಯದೆ ಹಿತ್ತಿಲಿಗೆ ನಡೆದು ಹೋಗುತ್ತಿದ್ದರು. ಪ್ರಬಂಧಕ್ಕೆ ಒಂದು ಗಿಡ ಆರಿಸಿಕೊಳ್ಳಿ ಎಂದಾಗ ನನ್ನ ಬಾಯಿಗೆ ಬೇರೆ ಹೆಸರು ಬರಲಿಲ್ಲ.

ಗಿಡವನ್ನು ಸಸ್ಯಶಾಸ್ತ್ರದ ಅಧ್ಯಾಪಕರಿಂದ ಗುರುತು ಮಾಡಿಸಿ, ಒಣಗಿಸಿದ ರೆಂಬೆಯನ್ನು ಹಾಳೆಗೆ ಅಂಟಿಸಿ ವಿಭಾಗದಲ್ಲಿ ಇರಿಸಿದ್ದೇನೆ. ನೆರಳಿನಲ್ಲಿ ಒಣಗಿಸಿದ ಎಲೆಯ 500 ಗ್ರಾಂ ತರಿಪುಡಿಯನ್ನು ಸಾಕ್ಸ್‌ಲೆಟ್ ಎಂಬ ಸಾರ ತೆಗೆಯುವ ಉಪಕರಣದಲ್ಲಿ ಶೇ 70ರ ಆಲ್ಕೋಹಾಲ್ ಹಾಕಿ ತೆಗೆದಾಗ 58 ಗ್ರಾಂ ಸಾರ ಸಿಕ್ಕಿತು. ಕಪ್ಪು ಹಸಿರು ಬಣ್ಣ, ಬೆಲ್ಲದ ಪಾಕದಂಥ ಅಂಟು. ವಿಷಗುಣ ಪರೀಕ್ಷಿಸುವ ಓಇಸಿಡಿ 423ರ ಕ್ರಮದಲ್ಲಿ ಕೆ.ಜಿ. ತೂಕಕ್ಕೆ 2000 ಮಿ.ಗ್ರಾಂ ಕೊಟ್ಟು 14 ದಿನ ಕಾದೆವು. ಒಂದು ಇಲಿಯೂ ಸಾಯಲಿಲ್ಲ. ಹಾಗಾಗಿ ಕೆ.ಜಿ. ತೂಕಕ್ಕೆ 100, 200, 400 ಮಿ.ಗ್ರಾಂ ಎಂಬ ಮೂರು ಪ್ರಮಾಣಗಳನ್ನು ಇಟ್ಟುಕೊಂಡೆವು. ಸಾರವನ್ನು ಸಿಎಂಸಿ ಎಂಬ, ಔಷಧ ಗುಣವಿಲ್ಲದ ಅಂಟು ದ್ರಾವಣದಲ್ಲಿ ಕದಡಿ ಬಾಯಿಯ ಮೂಲಕ ಕೊಟ್ಟೆ. ಬರಿಯ ಸಿಎಂಸಿ ಕುಡಿದ ಒಂದು ಗುಂಪು, ನೋವಿನ ಔಷಧ ಡೈಕ್ಲೋಫೆನಾಕ್ 10 ಮಿ.ಗ್ರಾಂ ಪಡೆದ ಇನ್ನೊಂದು. ಗುಂಪಿಗೆ ಆರರಂತೆ ಒಟ್ಟು 30 ಬಿಳಿ ಸುಂಡಿಲಿಗಳು, ಸ್ವಿಸ್ ಅಲ್ಬಿನೋ ತಳಿ.

ಹಾಟ್ ಪ್ಲೇಟ್ 55 ಡಿಗ್ರಿಯಲ್ಲಿತ್ತು. ಇಲಿ ಹಿಂಗಾಲು ನೆಕ್ಕಿದ ಅಥವಾ ಜಿಗಿದ ಕ್ಷಣಕ್ಕೆ ಗಡಿಯಾರ ನಿಲ್ಲಿಸುವುದು, ಏನೂ ಮಾಡದಿದ್ದರೆ 15 ಸೆಕೆಂಡಿಗೆ ಎತ್ತಿಬಿಡುವುದು. ಸಿಎಂಸಿ ಗುಂಪಿನ ಇಲಿಗಳು ನಾಲ್ಕೈದು ಸೆಕೆಂಡಿನಲ್ಲಿ ಕಾಲು ನೆಕ್ಕಿದವು. ಡೈಕ್ಲೋಫೆನಾಕ್ ಗುಂಪಿನದೂ ಬಹುತೇಕ ಅಷ್ಟೇ. 400 ಮಿ.ಗ್ರಾಂ ಗುಂಪಿನಲ್ಲಿ ಮಾತ್ರ ಒಂದು ಗಂಟೆಯ ನಂತರ ಆರರಲ್ಲಿ ನಾಲ್ಕು ಇಲಿಗಳು 15 ಸೆಕೆಂಡೂ ಅಲ್ಲಾಡದೆ ನಿಂತವು. ಆ ದಿನ ನಮ್ಮ ಮಾರ್ಗದರ್ಶಕರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. “ಡೈಕ್ಲೋಫೆನಾಕ್‌ಗಿಂತ ಮೇಲು! ಪತ್ರಿಕೆಗೆ ಬರೆಯೋಣ” ಎಂದರು.

ನನಗೆ ಸಂತೋಷವಾಗಲಿಲ್ಲ. ಆ ನಾಲ್ಕು ಇಲಿಗಳನ್ನು ಪಂಜರಕ್ಕೆ ಬಿಟ್ಟ ಮೇಲೆ ಮೂಲೆಯಲ್ಲಿ ಒತ್ತಿಕೊಂಡು ಕುಳಿತವು. ಕಣ್ಣು ಅರ್ಧ ಮುಚ್ಚಿತ್ತು. ಪಂಜರದ ಮುಚ್ಚಳ ತಟ್ಟಿದರೆ ತಲೆ ನಿಧಾನವಾಗಿ ತಿರುಗುತ್ತಿತ್ತು. ಅವುಗಳಲ್ಲಿ ಬಾಲಕ್ಕೆ ಎರಡು ಗೆರೆ ಎಳೆದಿದ್ದ ಇಲಿಯೊಂದು ತಟ್ಟೆಯ ಮೇಲೆ ಕಾಲನ್ನೇ ಎತ್ತಿರಲಿಲ್ಲ. ಪಂಜರಕ್ಕೆ ಬಂದು ಹತ್ತು ನಿಮಿಷ ಕಳೆದ ಮೇಲೆ ಅದು ಹಿಂಗಾಲನ್ನು ಬಾಯಿಗೆ ತಂದುಕೊಂಡು ನೆಕ್ಕತೊಡಗಿತು. ಬಹಳ ಹೊತ್ತು ನೆಕ್ಕಿತು. ಅಂಗಾಲು ಕೆಂಪಾಗಿತ್ತು.

ಅದಕ್ಕೆ ನೋವು ಆಗಿತ್ತು, ಕಾಲೆತ್ತುವ ಶಕ್ತಿ ಮಾತ್ರ ಇರಲಿಲ್ಲ ಎಂದಾದರೆ ನಾನು ಬರೆಯಹೊರಟಿರುವುದು ಸುಳ್ಳು. ಆ ಇಲಿಗೆ ಸುಮ್ಮನೆ ನೋವು ಕೊಟ್ಟಂತೆಯೂ ಆಯಿತು. ಇದನ್ನು ಬೇರ್ಪಡಿಸಿ ತಿಳಿಯುವುದು ಹೇಗೆ? ಇನ್ನೊಂದು ಪರೀಕ್ಷೆ ಸೇರಿಸಬೇಕೆಂದರೆ ಎಷ್ಟು ಇಲಿಗಳು ಬೇಕು, ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿಗೆ ಮತ್ತೆ ಹೋಗಬೇಕೇ? ಡೈಕ್ಲೋಫೆನಾಕ್ ಏಕೆ ಕೆಲಸ ಮಾಡಲಿಲ್ಲ? ಅನುಭವ ಇರುವವರು ದಯವಿಟ್ಟು ತಿಳಿಸಿ.

ನಿವೃತ್ತ ಮೇಷ್ಟರು

ತಂಗಿ, ನಿಮ್ಮ ಕಣ್ಣು ಕಂಡದ್ದನ್ನು ನಂಬಿ. ಈ ಪ್ರಯೋಗವನ್ನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಪಂಜರಕ್ಕೆ ಹಿಂತಿರುಗಿದ ಇಲಿಯನ್ನು ಹತ್ತು ನಿಮಿಷ ಕುಳಿತು ನೋಡಿದ ವಿದ್ಯಾರ್ಥಿಗಳನ್ನು ಬೆರಳಲ್ಲಿ ಎಣಿಸಬಹುದು.

ನಾವು ಎಡ್ಡಿ ಹಾಟ್ ಪ್ಲೇಟ್ ಎಂದು ಕರೆಯುವ ವಿಧಾನವನ್ನು 1944ರಲ್ಲಿ ವೂಲ್ಫ್ ಮತ್ತು ಮ್ಯಾಕ್‌ಡೊನಾಲ್ಡ್ ವಿವರಿಸಿದರು. ಅಂದಿನಿಂದ ಇಂದಿನವರೆಗೆ ಆ ತಟ್ಟೆ ಅಳೆಯುತ್ತಿರುವುದು ಇಲಿ ಕಾಲೆತ್ತಲು ತೆಗೆದುಕೊಳ್ಳುವ ಹೊತ್ತನ್ನು. ನೋವು ತಗ್ಗಿದರೂ ಆ ಹೊತ್ತು ಹೆಚ್ಚುತ್ತದೆ, ನಿದ್ದೆ ಬಂದರೂ ಹೆಚ್ಚುತ್ತದೆ, ಸ್ನಾಯು ಸಡಿಲವಾದರೂ ಹೆಚ್ಚುತ್ತದೆ. ಮೂರನ್ನೂ ಗಡಿಯಾರ ಒಂದೇ ಅಂಕಿಯಲ್ಲಿ ಬರೆಯುತ್ತದೆ.

ಬೇರ್ಪಡಿಸಲು ರೋಟಾರಾಡ್ ಇದೆ. ಡನ್‌ಹ್ಯಾಮ್ ಮತ್ತು ಮಿಯಾ 1957ರಲ್ಲಿ ತಂದದ್ದು. ಸುತ್ತುವ ಸರಳಿನ ಮೇಲೆ ಇಲಿಯನ್ನು ನಿಲ್ಲಿಸುವುದು. ಹಿಂದಿನ ದಿನವೇ ಅಭ್ಯಾಸ ಮಾಡಿಸಿ, ಬೀಳದೆ ನಿಲ್ಲುವ ಇಲಿಗಳನ್ನು ಆರಿಸಿಕೊಳ್ಳಿ. ಮರುದಿನ ಸಾರ ಕೊಟ್ಟು, ಹಾಟ್ ಪ್ಲೇಟ್‌ನಲ್ಲಿ ಪರಿಣಾಮ ಕಂಡ ಅದೇ ಒಂದು ಗಂಟೆಗೆ ಸರಳಿನ ಮೇಲೆ ಬಿಡಿ. ಬಿದ್ದರೆ, ನಿಮ್ಮ 15 ಸೆಕೆಂಡನ್ನು ನೋವು ನಿವಾರಣೆ ಎಂದು ಕರೆಯಲು ಬರುವುದಿಲ್ಲ. ಹೋಲಿಕೆಗೆ, ಮಂಪರು ತರುವ ಡಯಾಜೆಪಾಮ್ ಕೊಟ್ಟ ಗುಂಪೊಂದು ಇರಲಿ.

ಡೈಕ್ಲೋಫೆನಾಕ್ ವಿಚಾರ. ಔಷಧ ಕೆಟ್ಟಿಲ್ಲ, ಅದನ್ನು ಹೊಂದದ ಪರೀಕ್ಷೆಗೆ ಇಟ್ಟಿದ್ದೀರಿ. ಅದು ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುತ್ತದೆ. ಗಾಯವಾದ, ಊದಿದ ಜಾಗದಲ್ಲಿ ನರದ ತುದಿಗಳನ್ನು ಸೂಕ್ಷ್ಮಗೊಳಿಸುವುದು ಈ ಪ್ರೊಸ್ಟಾಗ್ಲಾಂಡಿನ್. ಆರೋಗ್ಯವಾಗಿರುವ ಅಂಗಾಲಿಗೆ 55 ಡಿಗ್ರಿ ಬಿಸಿ ತಾಗಿದಾಗ ಅದರ ಪಾತ್ರ ಅಲ್ಪ. ಬಿಸಿ ನೇರವಾಗಿ ನರವನ್ನು ಮುಟ್ಟುತ್ತದೆ. ಆದ್ದರಿಂದ ಹಾಟ್ ಪ್ಲೇಟ್‌ಗೆ ಮಿದುಳು, ಬೆನ್ನುಹುರಿಯ ಮಟ್ಟದಲ್ಲಿ ಕೆಲಸ ಮಾಡುವ ಮಾರ್ಫಿನ್ ಅಥವಾ ಟ್ರಮಡಾಲ್‌ನಂಥದ್ದನ್ನು ಮಾದರಿಯಾಗಿ ಇಡಬೇಕು. 1985ರ ಮಾದಕವಸ್ತು ಕಾಯ್ದೆಯ ಕಾಗದಪತ್ರಗಳಿಗೆ ಅಲೆಯಬೇಕಾಗುತ್ತದೆ ಎಂದು ಬಹಳ ಕಾಲೇಜುಗಳು ಡೈಕ್ಲೋಫೆನಾಕ್‌ಗೇ ಜೋತುಬೀಳುತ್ತವೆ. ಆಮೇಲೆ “ನಮ್ಮ ಗಿಡ ಡೈಕ್ಲೋಫೆನಾಕ್‌ಗಿಂತ ಮೇಲು” ಎಂಬ ತಲೆಬರಹ ಬರುತ್ತದೆ. ಆ ತಲೆಬರಹ ನೋಡಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಂಡಿನೋವಿನ ಯಾರೋ ಒಬ್ಬರು ಅದನ್ನು ಓದಿ ಮಾತ್ರೆ ಬಿಟ್ಟು ಸೊಪ್ಪಿನ ಪುಡಿ ನುಂಗುತ್ತಾರೆ.

ಡೈಕ್ಲೋಫೆನಾಕ್ ತನ್ನ ಗುಣ ತೋರಿಸುವುದು ಹೊಟ್ಟೆ ನುಲಿತದ ಪರೀಕ್ಷೆಯಲ್ಲಿ, ಅಂದರೆ ರೈದಿಂಗ್ ಪರೀಕ್ಷೆಯಲ್ಲಿ. ಶೇ 0.6ರ ಅಸಿಟಿಕ್ ಆಮ್ಲವನ್ನು ಹೊಟ್ಟೆಯೊಳಗೆ ಚುಚ್ಚಿ, ಇಲಿ ಮೈ ಹುರಿಗೊಳಿಸಿ ಹಿಂಗಾಲು ಚಾಚುವುದನ್ನು ಎಣಿಸುವುದು. ಆದರೆ ಅದೂ ಬಾಯಿಬಡುಕ ಪರೀಕ್ಷೆ. ನೋವಿಗೆ ಸಂಬಂಧವಿಲ್ಲದ ಎಷ್ಟೋ ಔಷಧಗಳಿಗೂ “ಹೌದು” ಎನ್ನುತ್ತದೆ. ಅಲ್ಲಿಯೂ ಮಂಪರು ಹಿಡಿದ ಇಲಿ ಕಡಿಮೆ ನುಲಿಯುತ್ತದೆ. ಸಾಧ್ಯವಾದರೆ ಮುಂದೆ ಫಾರ್ಮಲಿನ್ ಪರೀಕ್ಷೆಯ ಬಗ್ಗೆ ಯೋಚಿಸಿ. ಪಾದಕ್ಕೆ ಚುಚ್ಚಿದ ಮೊದಲ ಐದು ನಿಮಿಷದ ನೆಕ್ಕುವಿಕೆ ನರ ನೇರವಾಗಿ ಕೆರಳಿದ್ದರಿಂದ. ನಡುವೆ ಸ್ವಲ್ಪ ಶಾಂತ. ಸುಮಾರು 15ನೇ ನಿಮಿಷದಿಂದ ಮತ್ತೆ ಶುರುವಾಗುವುದು ಉರಿಯೂತದ ನೋವು. ಎರಡನೆಯದನ್ನು ಮಾತ್ರ ತಗ್ಗಿಸುವ ಸಾರವನ್ನು ಬರಿಯ ಮಂಪರಿನ ಸಾರ ಎಂದು ತಳ್ಳಿಹಾಕುವುದು ಕಷ್ಟ, ಏಕೆಂದರೆ ಮಂಪರಾಗಿದ್ದರೆ ಎರಡೂ ಹಂತ ಕುಗ್ಗಬೇಕಿತ್ತು.

ಇಷ್ಟಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮ 423ರ ಪುಸ್ತಕ ತೆರೆಯಿರಿ. ಸಾವಷ್ಟನ್ನೇ ನೋಡಿ ಎಂದು ಆ ಕ್ರಮ ಹೇಳುವುದಿಲ್ಲ. ಮೊದಲ ನಾಲ್ಕು ಗಂಟೆ ವಿಶೇಷ ಗಮನ ಕೊಟ್ಟು ನಡುಕ, ಸೆಳೆತ, ಜೊಲ್ಲು, ಭೇದಿ, ಜಡತೆ, ನಿದ್ದೆ ಎಲ್ಲವನ್ನೂ ಬರೆಯಬೇಕು. 2000 ಮಿ.ಗ್ರಾಂ ಕುಡಿದ ಇಲಿಗಳು ಆ ಹೊತ್ತಿನಲ್ಲಿ ಹೇಗಿದ್ದವು?

ಪಂಜರದ ಡಾಕ್ಟರು

ಪಶುವೈದ್ಯೆ ನಾನು, ಪ್ರಾಣಿಗೃಹವೊಂದರ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಮೇಷ್ಟರು ಹೇಳಿದ್ದು ಸರಿ. ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಪ್ರಶ್ನೆಯಲ್ಲಿ ನೀವು ಹಾಗೇ ದಾಟಿ ಹೋದ ಒಂದು ವಾಕ್ಯ: “ಆ ದಿನ ಮಾರ್ಗದರ್ಶಕರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು.”

ಆ ದಿನ ಎಂದರೆ 400 ಮಿ.ಗ್ರಾಂ ಗುಂಪನ್ನು ಬೇರೆ ದಿನ ಮಾಡಿದಿರೇ? ಸಿಎಂಸಿ ಗುಂಪನ್ನು ಮಾಡುವಾಗ ಕೋಣೆಯಲ್ಲಿ ನೀವೊಬ್ಬರೇ ಇದ್ದಿರೇ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು 2014ರಲ್ಲಿ ಪ್ರಕಟಿಸಿದ ಕೆಲಸವನ್ನು ಓದಿ. ಗಂಡಸರು ಹತ್ತಿರವಿದ್ದರೆ, ಅವರು ತೊಟ್ಟ ಅಂಗಿಯನ್ನು ಪಕ್ಕದಲ್ಲಿ ಇಟ್ಟರೂ, ಇಲಿಗಳು ಹೆದರಿಕೆಯಿಂದ ನೋವಿನ ಚಿಹ್ನೆಗಳನ್ನು ಕಡಿಮೆ ತೋರಿಸುತ್ತವೆ ಎಂದು ಅವರು ಕಂಡುಕೊಂಡರು. ಕಾರಣ ವಾಸನೆ. ಹೆಂಗಸರಿಂದ ಹಾಗಾಗಲಿಲ್ಲ. ಅದೇ ತಂಡ 2006ರಲ್ಲಿ ಇನ್ನೊಂದು ವಿಷಯ ತೋರಿಸಿತ್ತು: ಒಂದೇ ಪಂಜರದಲ್ಲಿ ಬೆಳೆದ ಇಲಿ ಎದುರಿಗೆ ನೋವಿನಿಂದ ನುಲಿಯುತ್ತಿದ್ದರೆ, ಅದನ್ನು ನೋಡುವ ಇಲಿಯೂ ಹೆಚ್ಚು ನುಲಿಯುತ್ತದೆ. ಜೊತೆಗಾರನ ನೋವು ಅದಕ್ಕೆ ತಟ್ಟುತ್ತದೆ. ಹದಿನಾರು ವರ್ಷ ಈ ಜೀವಗಳ ಜೊತೆ ಕಳೆದ ನನಗೆ ಅದನ್ನು ಓದಿ ಆಶ್ಚರ್ಯವಾಗಲಿಲ್ಲ, ಗಂಟಲು ಕಟ್ಟಿತು.

ಹಾಗಾಗಿ ಎಲ್ಲ ಗುಂಪುಗಳಿಂದಲೂ ಒಂದೊಂದು ಇಲಿ ಪ್ರತಿದಿನವೂ ಬರುವಂತೆ ಚೀಟಿ ಎತ್ತಿ ಹಂಚಿಕೊಳ್ಳಿ. ಯಾವ ಇಲಿಗೆ ಏನು ಕೊಟ್ಟಿದೆ ಎಂದು ಗಡಿಯಾರ ಹಿಡಿದವರಿಗೆ ಗೊತ್ತಿರಬಾರದು. ಹಸಿರು ಸಾರ ಸಿರಿಂಜಿನಲ್ಲೇ ಕಾಣುತ್ತದೆ, ಆದ್ದರಿಂದ ಕುಡಿಸುವವರು ಒಬ್ಬರು, ನೋಡುವವರು ಇನ್ನೊಬ್ಬರು. ನುಲಿತ ಎಣಿಸುವಾಗ ಪೆಟ್ಟಿಗೆಗಳ ನಡುವೆ ರಟ್ಟು ಇಡಿ. ಇಲಿಯನ್ನು ಬಾಲ ಹಿಡಿದು ಎತ್ತಬೇಡಿ. ಬೊಗಸೆಯಲ್ಲಿ ತೆಗೆದುಕೊಳ್ಳಿ ಅಥವಾ ಸಣ್ಣ ಕೊಳವೆಯೊಳಗೆ ಬಿಟ್ಟು ಸಾಗಿಸಿ. ಹೆದರಿದ ಇಲಿಯ ಅಂಕಿ ನಂಬಲು ಬರುವುದಿಲ್ಲ.

ಸಮಿತಿಗೆ ಮತ್ತೆ ಹೋಗಬೇಕೇ ಎಂದು ಕೇಳಿದ್ದೀರಿ. ಹೋಗಲೇಬೇಕು. ಅನುಮತಿ ಸಿಕ್ಕಿರುವುದು ನೀವು ಫಾರ್ಮ್ ಬಿ ಎಂಬ ಅರ್ಜಿಯಲ್ಲಿ ಬರೆದಷ್ಟಕ್ಕೆ. ರೋಟಾರಾಡ್‌ನಿಂದ ನೋವಿಲ್ಲ, ಮಾಡಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಿದ್ದುಪಡಿ ಅರ್ಜಿಯಲ್ಲಿ ಕಾರಣವನ್ನು ಇಲ್ಲಿ ಬರೆದ ಹಾಗೆಯೇ ಬರೆಯಿರಿ, ಆ ಎರಡು ಗೆರೆಯ ಇಲಿಯ ಸಂಗತಿಯನ್ನೂ ಸೇರಿಸಿ. ಸಮಿತಿಯಲ್ಲಿ ಕೂರುವವಳಾಗಿ ಹೇಳುತ್ತೇನೆ, ಅಂಥ ಅರ್ಜಿ ನಮ್ಮ ಮುಂದೆ ಬರುವುದು ಅಪರೂಪ. ಸಂಖ್ಯೆ ಉಳಿಸುವ ದಾರಿಯೂ ಇದೆ. 100 ಮಿ.ಗ್ರಾಂನಲ್ಲಿ ಪರಿಣಾಮವೇ ಕಾಣದಿದ್ದರೆ ರೋಟಾರಾಡ್‌ಗೆ ಆ ಗುಂಪು ಬೇಡ. ಸಿಎಂಸಿ, ಡಯಾಜೆಪಾಮ್, 200, 400: ನಾಲ್ಕು ಆರಲ 24 ಸಾಕು. ಹಾಟ್ ಪ್ಲೇಟ್ ಪದೇಪದೇ ಮಾಡಿದರೆ ಇಲಿ ಕಲಿತುಬಿಡುತ್ತದೆ, ಎರಡನೇ ಸಲ ಬೇಗ ಜಿಗಿಯುತ್ತದೆ. ಅದನ್ನು ಹೆಚ್ಚು ಸಲ ಮಾಡಬೇಡಿ.

ಇನ್ನು ಆ ಕೆಂಪು ಅಂಗಾಲು. ತಟ್ಟೆಯ ಉಷ್ಣತೆಯನ್ನು ಬೇರೆ ಥರ್ಮಾಮೀಟರ್ ಇಟ್ಟು ಪರೀಕ್ಷಿಸಿದ್ದೀರಾ? 15 ಸೆಕೆಂಡ್ ಎಂಬ ಮಿತಿ ಇರುವುದೇ ಚರ್ಮ ಸುಡದಿರಲಿ ಎಂದು. ಪರದೆಯ ಮೇಲೆ 55 ಎಂದಿದ್ದು ತಟ್ಟೆಯ ನಡುವೆ 58 ಇದ್ದ ಯಂತ್ರವನ್ನು ನಾನು ಕಂಡಿದ್ದೇನೆ.

ಶಿರಸಿ ವೈದ್ಯೆ

ಮಗಳೇ, ನಾನು ಆಯುರ್ವೇದ ಓದಿದವಳು. ಲಕ್ಕಿಯನ್ನು ನಮ್ಮ ಗ್ರಂಥಗಳು ನಿರ್ಗುಂಡಿ ಎನ್ನುತ್ತವೆ, ಸಂಧಿನೋವಿಗೆ ದಿನವೂ ಬಳಸುತ್ತೇನೆ. ಮೇಲಿನವರು ಪ್ರಯೋಗದ ಮಾತು ಹೇಳಿದರು, ನನಗೆ ನಿಮ್ಮ ಅಜ್ಜಿಯ ಮಾತು ಎತ್ತಬೇಕೆನಿಸಿದೆ.

ಅಜ್ಜಿ ಎಲೆಯನ್ನು ಬಿಸಿ ಮಾಡಿ ಮೇಲೆ ಕಟ್ಟಿದರು. ನೀವು ಬಾಯಿಗೆ ಹಾಕಿದಿರಿ. ಸೊಪ್ಪು ಬಾಡಿಸುವಾಗ ಅಡುಗೆಮನೆ ತುಂಬ ಹರಡುತ್ತಿದ್ದ ಆ ಖಾರದ ವಾಸನೆ ನೆನಪಿದೆಯಲ್ಲ, ಅದು ಎಲೆಯ ಆವಿಯಾಗುವ ಎಣ್ಣೆ. ಒಣಗಿಸಿ, ಗಂಟೆಗಟ್ಟಲೆ ಸಾಕ್ಸ್‌ಲೆಟ್‌ನಲ್ಲಿ ಕುದಿಸಿ, ಆಮೇಲೆ ಆವಿ ಹಾರಿಸಿ ಮಂದ ಮಾಡಿದರೆ ಅದರಲ್ಲಿ ಎಷ್ಟು ಉಳಿದೀತು? ನಿಮ್ಮ ಬಾಟಲಿಯಲ್ಲಿರುವುದು ಫ್ಲೇವನಾಯ್ಡ್‌ಗಳೆಂಬ, ಆವಿಯಾಗಿ ಹಾರದ ಸಸ್ಯದ ಅಂಶಗಳು ಮತ್ತು ಅವುಗಳ ಜೊತೆಗಾರರು. ಅವುಗಳಿಗೂ ಗುಣವಿರಬಹುದು, ಆದರೆ ಅಜ್ಜಿಯ ಮದ್ದು ಬೇರೆ. ಮಂಡಿಗೆ ತಾಗಿದ ಬಿಸಿ, ಬಿಗಿಯಾದ ಕಟ್ಟು, ಹರಳೆಣ್ಣೆ, ರಾತ್ರಿಯ ವಿಶ್ರಾಂತಿ, ಮೊಮ್ಮಗಳ ಕೈ, ಎಲ್ಲ ಸೇರಿ ಆ ಮದ್ದು.

ಪ್ರಮಾಣವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಸುಂಡಿಲಿಯ ಪ್ರಮಾಣವನ್ನು ಮನುಷ್ಯನದಕ್ಕೆ ಇಳಿಸಲು ಮೈಯ ಮೇಲ್ಮೈ ಲೆಕ್ಕದಲ್ಲಿ 12.3ರಿಂದ ಭಾಗಿಸುತ್ತಾರೆ. 400ನ್ನು ಭಾಗಿಸಿದರೆ ಕೆ.ಜಿ.ಗೆ ಸುಮಾರು 32.5 ಮಿ.ಗ್ರಾಂ, 60 ಕೆ.ಜಿ. ತೂಕದವರಿಗೆ ಎರಡು ಗ್ರಾಂಗೆ ಸ್ವಲ್ಪ ಕಡಿಮೆ ಸಾರ. ನಿಮಗೆ 500 ಗ್ರಾಂಗೆ 58 ಗ್ರಾಂ ಬಂದಿದೆ. ಅಂದರೆ ಒಂದು ಹೊತ್ತಿಗೆ ಹದಿನೇಳು ಗ್ರಾಂ ಒಣ ಎಲೆ, ಒಂದು ದೊಡ್ಡ ಹಿಡಿ ತುಂಬ. ನಾನು ಯಾವ ರೋಗಿಗೂ ಒಂದೇ ಸಲಕ್ಕೆ ಅಷ್ಟು ಕೊಟ್ಟವಳಲ್ಲ. 400ರಲ್ಲಿ ಇಲಿ ಮಂಕಾಯಿತು ಎಂದರೆ ನನಗೆ ಅದು ಗಿಡ ಕೊಟ್ಟ ಎಚ್ಚರಿಕೆ.

ಲಕ್ಕಿಗಿಡ (ಪ್ರಶ್ನೆ ಕೇಳಿದವರು)

ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಗಿದ್ದಕ್ಕೆ ಕ್ಷಮಿಸಿ. ಸಮಿತಿಯ ಸಭೆ ಸೇರುವವರೆಗೆ ಕಾಯಬೇಕಾಯಿತು.

ಮೇಷ್ಟರೇ, ನೀವು ಹೇಳಿದ ರಾತ್ರಿಯೇ 423ರ ಪುಸ್ತಕ ತೆರೆದೆ. ಮೊದಲ ದಿನದ ಪುಟದಲ್ಲಿ ನನ್ನದೇ ಕೈಬರಹದಲ್ಲಿ “ಮಂಕು, ಸುಮಾರು 3 ಗಂಟೆ, ಆಮೇಲೆ ಸರಿ” ಎಂದಿತ್ತು. ಬರೆದಿದ್ದೆ, ಮರೆತಿದ್ದೆ. ಸಾವಿಲ್ಲ ಎಂಬ ಒಂದೇ ಸಾಲನ್ನು ಪ್ರಬಂಧಕ್ಕೆ ಎತ್ತಿಕೊಂಡಿದ್ದೆ. ಆ ಪುಟವನ್ನು ತೆಗೆದುಕೊಂಡು ಮಾರ್ಗದರ್ಶಕರ ಬಳಿ ಹೋದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ “ತಿದ್ದುಪಡಿ ಬರೆಯಮ್ಮ, ನಾನು ಸಹಿ ಹಾಕುತ್ತೇನೆ” ಎಂದರು. ಆ ಮಾತಿಗೆ ನಾನು ಅವರಿಗೆ ಎಂದೂ ಋಣಿ.

ಡಾಕ್ಟರೇ, ನಿಮ್ಮ ಅನುಮಾನ ನಿಜ. ಗುಂಪುಗಳನ್ನು ಬೇರೆ ಬೇರೆ ದಿನ ಮಾಡಿದ್ದೆ, 400ರ ದಿನ ಮಾತ್ರ ಸರ್ ಇದ್ದರು. ತಟ್ಟೆಯನ್ನೂ ಪರೀಕ್ಷಿಸಿದೆ: ಅಂಚಿನಲ್ಲಿ 55, ನಡುವೆ 57. ಆ ಎರಡು ಡಿಗ್ರಿಯನ್ನು ನಾನು ಮೊದಲೇ ನೋಡಬೇಕಿತ್ತು. ಸರಿಪಡಿಸಿದ ಮೇಲೆಯೇ ಮುಂದುವರಿದೆವು.

ರೋಟಾರಾಡ್‌ನಲ್ಲಿ 400 ಮಿ.ಗ್ರಾಂ ಇಲಿಗಳು ಆರರಲ್ಲಿ ಐದು, ಒಂದು ನಿಮಿಷದೊಳಗೆ ಬಿದ್ದವು. ಬೀಳುವ ಮುನ್ನ ಸರಳನ್ನು ಮುಂಗಾಲಿನಲ್ಲಿ ಹಿಡಿಯಲು ನೋಡುತ್ತಿದ್ದವು, ಹಿಂಗಾಲು ಜೊತೆಗೂಡುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಎರಡು ಗೆರೆಯ ಇಲಿ ತಟ್ಟೆಯ ಮೇಲೆ ಏಕೆ ನಿಂತಿತ್ತು ಎಂಬ ಬಗ್ಗೆ ನನಗೆ ಸಂದೇಹ ಉಳಿಯಲಿಲ್ಲ. 200 ಮಿ.ಗ್ರಾಂ ಇಲಿಗಳು ಒಂದೂ ಬೀಳಲಿಲ್ಲ.

ಹಾಗಾಗಿ 400ರ ಹಾಟ್ ಪ್ಲೇಟ್ ಅಂಕಿಗಳನ್ನು ನೋವು ನಿವಾರಣೆಯ ಲೆಕ್ಕದಿಂದ ತೆಗೆದು, ಮಂಪರಿನ ಅಧ್ಯಾಯಕ್ಕೆ ಹಾಕಿದ್ದೇನೆ. ಅಡಗಿಸಿಲ್ಲ, ಕೋಷ್ಟಕ ಹಾಗೇ ಇದೆ. ಚೀಟಿ ಎತ್ತಿ, ಕಣ್ಣು ಕಟ್ಟಿದಂತೆ ಮಾಡಿದ ನುಲಿತದ ಪರೀಕ್ಷೆಯಲ್ಲಿ 200 ಮಿ.ಗ್ರಾಂ ಗುಂಪಿನ ನುಲಿತ ಸ್ಪಷ್ಟವಾಗಿ ಇಳಿಯಿತು. ಡೈಕ್ಲೋಫೆನಾಕ್‌ನಷ್ಟು ಇಳಿಯಲಿಲ್ಲ. ಅದೇ 200ರಲ್ಲಿ ಹಾಟ್ ಪ್ಲೇಟ್ ಹೊತ್ತು ಹೆಚ್ಚು ಬದಲಾಗಲಿಲ್ಲ. ನೋವಿನ ಮೂಲದ ಜಾಗದಲ್ಲಿ ಏನೋ ನಡೆಯುತ್ತಿದೆ, ಮಿದುಳಿನ ಮಟ್ಟದಲ್ಲಿ ಇಲ್ಲ ಎಂಬಷ್ಟನ್ನು ಮಾತ್ರ ಬರೆದಿದ್ದೇನೆ. ಗಿಡದ ಮೇಲೆ ನನಗಿರುವ ಪ್ರೀತಿ ಇದರಿಂದ ಒಂದು ಚೂರೂ ಕಡಿಮೆಯಾಗಿಲ್ಲ.

ವೈದ್ಯರೇ, ಒಂದು ಸಹಾಯ ಬೇಕು. ಮುಂದಿನ ಪ್ರಸ್ತಾವದಲ್ಲಿ ಹಸಿ ಎಲೆಯ ಲೇಪವನ್ನೇ ಪರೀಕ್ಷಿಸಬೇಕೆಂದಿದ್ದೇನೆ, ಎಲೆ ಇಲ್ಲದ ಬಿಸಿ ಹರಳೆಣ್ಣೆಯ ಕಟ್ಟನ್ನು ಹೋಲಿಕೆಗೆ ಇಟ್ಟು. ಅಜ್ಜಿ ಈಗ ಇಲ್ಲ. ಎಷ್ಟು ಎಲೆ, ಎಷ್ಟು ಎಣ್ಣೆ, ಎಷ್ಟು ಹೊತ್ತು ಬಾಡಿಸಬೇಕು ಎಂದು ಅಳತೆ ಮಾಡಿ ನೋಡಿದವಳಲ್ಲ ನಾನು. ನೀವು ಹೇಗೆ ಮಾಡುತ್ತೀರಿ?

ಶಿರಸಿ ವೈದ್ಯೆ

ನಾನೂ ತೂಗಿ ಮಾಡಿದವಳಲ್ಲ. ನಿಮ್ಮ ಪ್ರಶ್ನೆ ಓದಿದ ಮೇಲೆ ಈ ದಿನ ತೂಗಿದೆ. ಒಂದು ಮಂಡಿಗೆ ನಾನು ತೆಗೆದುಕೊಳ್ಳುವ ಹಸಿ ಎಲೆ 42 ಗ್ರಾಂ, ತೊಟ್ಟು ಬಿಟ್ಟು. ಹರಳೆಣ್ಣೆ ಎರಡು ಚಮಚ, ಅಂದರೆ 10 ಮಿ.ಲೀ. ಆಸುಪಾಸು. ಸಣ್ಣ ಉರಿಯಲ್ಲಿ ಎಲೆ ಮೆತ್ತಗಾಗಿ ಬಣ್ಣ ಗಾಢವಾಗುವವರೆಗೆ. ಅಂಚು ಕಂದಾದರೆ ಅದನ್ನು ಎಸೆದು ಬೇರೆ ಎಲೆ ತೆಗೆದುಕೊಳ್ಳುತ್ತೇನೆ. ಒಳಮೊಣಕೈಗೆ ಮುಟ್ಟಿಸಿ, ಹಿತವೆನಿಸಿದಾಗ ಕಟ್ಟುವುದು. ಇಲಿಯ ಚರ್ಮ ಬಹಳ ತೆಳು, ಅಲ್ಲಿ ನನ್ನ ಮೊಣಕೈಯ ಅಳತೆ ನಡೆಯದು. ಆ ಬಿಸಿ ಎಷ್ಟಿರಬೇಕೆಂದು ಮೇಲಿನ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ನಾಳೆ ಇನ್ನೆರಡು ಸಲ ತೂಗಿ, ಥರ್ಮಾಮೀಟರ್ ಇಟ್ಟು ನೋಡಿ, ಅಂಕಿಗಳನ್ನು ಇಲ್ಲೇ ಬರೆಯುತ್ತೇನೆ.